ಹಿಮಗಟ್ಟುವ ಚಳಿಯಲ್ಲಿ ರಿಬ್ರೀದರ್ ನಿರ್ವಹಣೆ: ತೇವ ಎಲ್ಲಿರಬೇಕು, ಎಲ್ಲಿರಬಾರದು

ರಿಬ್ರೀದರ್ ಎಂದರೆ ಡೈವಿಂಗ್ ಮಾಡುವವರು ಬಿಟ್ಟ ಉಸಿರನ್ನು ಶುದ್ಧಗೊಳಿಸಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ. ಚಳಿಗಾಲದಲ್ಲಿ ಅದು ಕೆಡುವುದು ಹೆಚ್ಚಾಗಿ ನೀರಿನಲ್ಲಲ್ಲ, ದಡದಲ್ಲಿ. ಫಿನ್ಲೆಂಡಿನ ಲೊಹ್ಯಾ ಪಟ್ಟಣದ ಓಯಾಮೊ ಗಣಿಯನ್ನೇ ತೆಗೆದುಕೊಳ್ಳಿ. ಹಿಂದೆ ಸುಣ್ಣದ ಕಲ್ಲು ತೆಗೆಯುತ್ತಿದ್ದ, ಈಗ ನೀರು ತುಂಬಿ ನಿಂತಿರುವ ಈ ಗಣಿಯ ಆಳದಲ್ಲಿ ವರ್ಷವಿಡೀ ಸುಮಾರು 4 ಡಿಗ್ರಿ ಸೆಲ್ಸಿಯಸ್. ಸಿಹಿನೀರು ಅತಿ ಹೆಚ್ಚು ಸಾಂದ್ರವಾಗುವುದು ಆ ಉಷ್ಣತೆಯಲ್ಲೇ ಆದ್ದರಿಂದ ಆಳದ ನೀರು ಅಲ್ಲಿಗೇ ಬಂದು ನಿಲ್ಲುತ್ತದೆ. ಜನವರಿಯಲ್ಲಿ ದಡದ ಗಾಳಿ ಮೈನಸ್ 15ಕ್ಕೆ ಇಳಿಯುವುದು ಅಲ್ಲಿ ಅಪರೂಪವೇನಲ್ಲ. ಅಂದರೆ ಯಂತ್ರದ ಪಾಲಿಗೆ ನೀರೇ ಬೆಚ್ಚನೆಯ ಜಾಗ. ಕೋಣೆಯಿಂದ ಕಾರಿಗೆ, ಕಾರಿನಿಂದ ಮಂಜುಗಡ್ಡೆಯ ಅಂಚಿಗೆ, ಮತ್ತೆ ಅಲ್ಲಿಂದ ಹಿಂದಕ್ಕೆ ಸಾಗುವ ಹಾದಿಯಲ್ಲಿ ಯಂತ್ರ ಏನೇನು ಅನುಭವಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಡೈವಿಂಗ್ ಕಲಿತು, ಕೆಲಸದ ನಿಮಿತ್ತ ಉತ್ತರ ಯುರೋಪ್ ಸೇರಿ, ಅಲ್ಲಿ ರಿಬ್ರೀದರ್ ತರಬೇತಿ ಮುಗಿಸಿದವರು ಈ ಬರಹ ಓದುತ್ತಿದ್ದಾರೆ ಎಂದು ಭಾವಿಸಿ ಬರೆಯುತ್ತಿದ್ದೇನೆ. ತರಬೇತಿ ಪಡೆಯದವರಿಗೆ ಇದು ತರಬೇತಿಯಲ್ಲ. ನಿಮ್ಮ ಯಂತ್ರದ ಕೈಪಿಡಿಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ಕೈಪಿಡಿ ಹೇಳಿದ್ದೇ ಸರಿ.

ಒಂದು ಸೂತ್ರ ಹಿಡಿದುಕೊಂಡರೆ ಉಳಿದದ್ದೆಲ್ಲ ಅದಕ್ಕೇ ಜೋತುಬೀಳುತ್ತದೆ. ರಿಬ್ರೀದರ್‌ನ ಒಂದು ಭಾಗಕ್ಕೆ ತೇವ ಬೇಕೇ ಬೇಕು. ಅದು ಸೋಡಾ ಲೈಮ್, ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಕಾಳುಗಳು. ಉಳಿದ ಕಡೆಗಳಲ್ಲಿ, ಅಂದರೆ ಉಸಿರಾಡುವ ಗ್ಯಾಸನ್ನು ಅಳೆಯುವ ಆಕ್ಸಿಜನ್ ಸೆಲ್‌ಗಳ ಮುಖದ ಮೇಲೆ, ಉಸಿರನ್ನು ಒಂದೇ ದಿಕ್ಕಿಗೆ ಬಿಡುವ ಮಶ್ರೂಮ್ ವಾಲ್ವ್‌ಗಳ ಅಂಚಿನಲ್ಲಿ, ಸಿಲಿಂಡರ್‌ನ ಒತ್ತಡ ತಗ್ಗಿಸುವ ರೆಗ್ಯುಲೇಟರ್‌ನ ಒಳಗೆ ತೇವ ಶತ್ರು. ಬೆಚ್ಚನೆಯ ನೀರಿನಲ್ಲಿ ಈ ಎರಡೂ ಹೇಗೋ ಹೊಂದಿಕೊಂಡು ಹೋಗುತ್ತವೆ. ಚಳಿಯಲ್ಲಿ ಬೇಕಾದ ತೇವ ಹೆಪ್ಪುಗಟ್ಟಿ ಉಪಯೋಗಕ್ಕೆ ಬಾರದಾಗುತ್ತದೆ, ಬೇಡವಾದ ತೇವ ಬೇಡವಾದಲ್ಲೇ ಬಂದು ಕೂರುತ್ತದೆ.

ಹಂತ 1: ಚಳಿಗಾಲಕ್ಕೆ ಮುನ್ನ

ಮೊದಲು ಆಕ್ಸಿಜನ್ ಸೆಲ್‌ಗಳ ವಯಸ್ಸು ನೋಡಿ. ಇವು ಗ್ಯಾಲ್ವಾನಿಕ್ ಸೆಲ್‌ಗಳು: ಒಳಗೆ ಸೀಸದ ಆನೋಡ್, ಕ್ಷಾರದ ದ್ರಾವಣ, ಎದುರಿಗೆ ತೆಳುವಾದ ಪೊರೆ. ಉಪಯೋಗಿಸಿದರೂ ಬಿಟ್ಟರೂ ಸೀಸ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಎಣಿಸಬೇಕಾದದ್ದು ಕೊಂಡ ದಿನವನ್ನಲ್ಲ, ತಯಾರಾದ ದಿನವನ್ನು. ಸಾಮಾನ್ಯವಾಗಿ 12ರಿಂದ 18 ತಿಂಗಳಿಗೆ ಬದಲಾಯಿಸುತ್ತಾರೆ. ಚಳಿಗಾಲದ ನಡುವೆ ಅವಧಿ ಮುಗಿಯುವ ಸೆಲ್ ಇದ್ದರೆ ಚಳಿಗಾಲಕ್ಕೆ ಮುಂಚೆಯೇ ತೆಗೆದುಬಿಡಿ. ಮೂರನ್ನೂ ಒಂದೇ ಸಲ ಕೊಂಡು ಒಂದೇ ಸಲ ಹಾಕುವ ರೂಢಿ ನನಗೆ ಹಿಡಿಸದು. ಒಂದೇ ತಂಡದಲ್ಲಿ ತಯಾರಾದವು ಒಂದೇ ಹೊತ್ತಿಗೆ ಮುದಿಯಾಗುವ ಸಂಭವ ಹೆಚ್ಚು. ಒಂದೊಂದಾಗಿ ಸರದಿಯ ಮೇಲೆ ಬದಲಾಯಿಸಿ, ಪ್ರತಿ ಸೆಲ್ ಮೇಲೂ ತಯಾರಿಕೆಯ ದಿನಾಂಕವನ್ನು ಅಂಟುಪಟ್ಟಿಯಲ್ಲಿ ಬರೆದಿಡಿ.

ಆಮೇಲೆ ಮಿಲಿವೋಲ್ಟ್ ಪರೀಕ್ಷೆ. ಸಾಮಾನ್ಯ ಗಾಳಿಯಲ್ಲಿ ಆರೋಗ್ಯವಂತ ಸೆಲ್ ಸುಮಾರು 8ರಿಂದ 13 ಮಿಲಿವೋಲ್ಟ್ ತೋರಿಸುತ್ತದೆ. ಗಾಳಿಯಲ್ಲಿ 10 ಮಿಲಿವೋಲ್ಟ್ ಇದ್ದರೆ ಶುದ್ಧ ಆಕ್ಸಿಜನ್‌ನಲ್ಲಿ 10 ಭಾಗಿಸು 0.209, ಅಂದರೆ ಸುಮಾರು 48 ಬರಬೇಕು. 43ಕ್ಕೇ ನಿಂತರೆ ಆ ಸೆಲ್ ಬಳಲಿದೆ ಎಂದರ್ಥ. ಆಳದಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಯಂತ್ರ ಇನ್ನಷ್ಟು ಆಕ್ಸಿಜನ್ ಸುರಿಯುತ್ತದೆ. ಈ ಅಂಕಿಗಳನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದರೆ ಸೆಲ್ ಕುಸಿಯುವುದು ಮೊದಲೇ ಕಣ್ಣಿಗೆ ಬೀಳುತ್ತದೆ.

ಸಿಲಿಂಡರ್‌ನ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ರೆಗ್ಯುಲೇಟರ್‌ಗಳ ವಾರ್ಷಿಕ ಸರ್ವಿಸನ್ನು ಶರತ್ಕಾಲದಲ್ಲೇ ಮುಗಿಸಿ. ಬೇಲ್‌ಔಟ್‌ಗೆ, ಅಂದರೆ ಯಂತ್ರ ಕೈಕೊಟ್ಟಾಗ ಉಸಿರಾಡುವ ಮೀಸಲು ಗ್ಯಾಸ್‌ಗೆ, ಬಳಸುವವು ಡಯಾಫ್ರಾಮ್ ಮಾದರಿಯವಾಗಿದ್ದು, ನೀರು ಒಳಗೆ ತಾಗದಂತೆ ಮುಚ್ಚಿದ ಕೋಣೆ ಇರುವಂಥವಾಗಿರಲಿ. ಯುರೋಪಿನ ಇಎನ್ 250 ಮಾನದಂಡದ ಕಣ್ಣಿನಲ್ಲಿ 10 ಡಿಗ್ರಿಗಿಂತ ಕೆಳಗಿನದೆಲ್ಲ ತಣ್ಣೀರು; ಅದಕ್ಕೆಂದು ಪರೀಕ್ಷೆಗೊಂಡ ರೆಗ್ಯುಲೇಟರ್ ಅಲ್ಲದಿದ್ದರೆ ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಸರ್ವಿಸ್ ಮಾಡುವವರಿಗೆ ತಣ್ಣೀರಿನ ಬಳಕೆ ಎಂದು ಬಾಯಿಬಿಟ್ಟು ಹೇಳಿ. ಫಸ್ಟ್ ಸ್ಟೇಜ್ ಹೊರಗೆ ಕೊಡುವ ನಡುವಣ ಒತ್ತಡವನ್ನು ತಯಾರಕರು ಹೇಳಿದ ವ್ಯಾಪ್ತಿಯ ಕೆಳ ತುದಿಗೆ ಹೊಂದಿಸಿ ಎಂದು ಕೇಳಬಹುದು. ಒತ್ತಡ ತಗ್ಗಿದಷ್ಟೂ ಗ್ಯಾಸ್ ತಾನಾಗಿ ಸುರಿಯುವ ಚಾಳಿ ತಗ್ಗುತ್ತದೆ.

ಸಂದಿ ಮುಚ್ಚುವ ರಬ್ಬರ್ ಉಂಗುರಗಳಾದ ಓ-ರಿಂಗ್‌ಗಳ ವಿಷಯ ಚುಟುಕಾಗಿ: ಚಳಿಯಲ್ಲಿ ರಬ್ಬರ್ ಬಿಗಿಯುತ್ತದೆ, ಬಿಗಿದ ರಬ್ಬರ್ ಸಣ್ಣ ಗೀರನ್ನೂ ಮುಚ್ಚಲಾರದು. ಸೋಡಾ ಲೈಮ್ ತುಂಬುವ ಕ್ಯಾನಿಸ್ಟರ್‌ನ ಮುಚ್ಚಳದ ದೊಡ್ಡ ಓ-ರಿಂಗ್‌ಗಳನ್ನು ಅನುಮಾನ ಬಂದರೆ ಸಾಕು, ಬದಲಾಯಿಸಿ. ಆಕ್ಸಿಜನ್ ಹರಿಯುವ ಕಡೆ ಸಿಲಿಕೋನ್ ಗ್ರೀಸ್ ಎಂದೂ ಬೇಡ. ಕ್ರಿಸ್ಟೊಲ್ಯೂಬ್‌ನಂಥ ಆಕ್ಸಿಜನ್‌ಗೆ ಒಗ್ಗುವ ಗ್ರೀಸ್, ಅದೂ ಬೆರಳಿಗೆ ಹೊಳಪು ಕಾಣುವಷ್ಟೇ.

ಹಂತ 2: ಸೋಡಾ ಲೈಮ್

ಈ ಹಂತದಲ್ಲಿ ಸ್ವಲ್ಪ ನಿಧಾನವಾಗಿಯೇ ಹೋಗೋಣ. ತಣ್ಣೀರಿನ ರಿಬ್ರೀದರ್ ಅಪಾಯಗಳಲ್ಲಿ ಸದ್ದಿಲ್ಲದೆ ಬರುವುದು ಇಂಗಾಲದ ಡೈಆಕ್ಸೈಡ್.

ಸೋಡಾ ಲೈಮ್‌ನ ಕಾಳುಗಳು ಒಣಗಿದಂತೆ ಕಂಡರೂ ಅವುಗಳ ತೂಕದಲ್ಲಿ ಸರಿಸುಮಾರು ಆರನೇ ಒಂದು ಭಾಗ ನೀರು. ನೀವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮೊದಲು ಈ ನೀರಿನ ತೆಳು ಪದರದಲ್ಲಿ ಕರಗುತ್ತದೆ. ಬಳಿಕ ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಕೂಡಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಸೇರಿದಾಗ ಸುಣ್ಣದ ಕಲ್ಲಿನದೇ ವಸ್ತುವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ, ಸೋಡಿಯಂ ಹೈಡ್ರಾಕ್ಸೈಡ್ ಮತ್ತೆ ಕೆಲಸಕ್ಕೆ ಬಿಡುಗಡೆಯಾಗುತ್ತದೆ. ಈ ಕ್ರಿಯೆಯಿಂದ ಶಾಖ ಹುಟ್ಟುತ್ತದೆ, ಆ ಶಾಖವೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ. ಇದ್ದಿಲ ಒಲೆಯ ಹಾಗೆ: ಹೊತ್ತಿಕೊಂಡರೆ ತಾನೇ ಉರಿಯುತ್ತದೆ, ಹೊತ್ತಿಸುವುದೇ ಕಷ್ಟ. ತಣ್ಣೀರು ಕ್ಯಾನಿಸ್ಟರ್‌ನ ಗೋಡೆಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ, ಗೋಡೆಗೆ ಅಂಟಿದ ಕಾಳುಗಳು ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತವೆ, ಗ್ಯಾಸ್ ಅವುಗಳ ನಡುವೆ ನುಸುಳಿ ನಿಮ್ಮ ಬಾಯಿಗೆ ಮರಳುತ್ತದೆ.

ತಯಾರಕರು ಮುದ್ರಿಸುವ ಅವಧಿಯನ್ನು ಹೇಗೆ ಓದಬೇಕು ಎಂಬುದು ತಿಳಿದಿರಬೇಕು. ಯುರೋಪಿನ ರಿಬ್ರೀದರ್ ಮಾನದಂಡ ಇಎನ್ 14143ರ ಪರೀಕ್ಷೆಯಲ್ಲಿ ನೀರು 4 ಡಿಗ್ರಿ, ಆಳ 40 ಮೀಟರ್, ನಿಮಿಷಕ್ಕೆ 40 ಲೀಟರ್ ಉಸಿರಾಟ, 1.6 ಲೀಟರ್ ಇಂಗಾಲದ ಡೈಆಕ್ಸೈಡ್. ಅದು ಸಾಕಷ್ಟು ಕಠಿಣ ಪರೀಕ್ಷೆಯೇ. ಹಾಗೆಂದು ಆ ಅಂಕಿಯನ್ನು ಬಾಕಿ ಉಳಿದ ಹಣವೆಂಬಂತೆ ಖರ್ಚು ಮಾಡಬೇಡಿ. ಅದು ಯಂತ್ರದಲ್ಲಿ ನಯವಾಗಿ ತುಂಬಿದ, ಹೊಸ, ಸರಿಯಾದ ದರ್ಜೆಯ ಸೋಡಾ ಲೈಮ್‌ಗೆ ಸಿಕ್ಕ ಫಲಿತಾಂಶ. ನೀರು 4ಕ್ಕಿಂತ ತಣ್ಣಗಿದ್ದರೆ, ಆಳ 40 ಮೀಟರ್ ದಾಟಿದರೆ, ಹೀಲಿಯಂ ಬೆರೆತ ಡಿಲ್ಯುಯೆಂಟ್ (ಆಕ್ಸಿಜನನ್ನು ತೆಳುವಾಗಿಸುವ ಗ್ಯಾಸ್) ಶಾಖವನ್ನು ಇನ್ನೂ ಬೇಗ ಕದಿಯುವಾಗ, ಆ ಅಂಕಿ ನಿಮ್ಮದಲ್ಲ. ಚಳಿಯಲ್ಲಿ ಒಂದು ದಿನಕ್ಕೆ ಒಂದು ತುಂಬು, ಉಳಿದದ್ದು ಕಸಕ್ಕೆ ಎಂಬುದು ನಾನು ಬದಲಿಸಲೊಪ್ಪದ ನಿಯಮ. ಅರ್ಧ ಬಳಸಿದ ಸೋಡಾ ಲೈಮ್ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮುಂದುವರಿಸುವ ವಾದಗಳು ಬಹಳ ಇವೆ. ಒಂದು ತುಂಬಿನ ಬೆಲೆ ನೋಡಿದರೆ ಆ ವಾದಗಳಿಗೆ ಕಿವಿಗೊಡುವ ಅಗತ್ಯ ಕಾಣದು.

ಸೋಡಾ ಲೈಮ್ ಹೆಪ್ಪುಗಟ್ಟಬಾರದು. ಕಾಳಿನೊಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಕಾಳು ಸೀಳಿ ಪುಡಿಯಾಗುತ್ತದೆ. ಕರಗಿದ ಮೇಲೆ ನೋಡಲು ಏನೂ ಆಗಿಲ್ಲವೆಂಬಂತೆ ಇರುತ್ತದೆ, ಆದರೆ ತುಂಬುವಾಗ ಪುಡಿ ಕೆಳಗೆ ಕೂತು ಮೇಲೆ ಪೊಳ್ಳಾಗುತ್ತದೆ, ಕ್ಷಾರದ ಧೂಳು ಹೋಸ್‌ಗೆ ಸೇರುತ್ತದೆ. ರಾತ್ರಿ ಕಾರಿನ ಡಿಕ್ಕಿಯಲ್ಲಿ ಉಳಿದ ಡಬ್ಬಿಯನ್ನು ನಂಬಬೇಡಿ. ತೆರೆದ ಡಬ್ಬಿಯ ಮುಚ್ಚಳ ಗಾಳಿಯಾಡದಂತೆ ಬಿಗಿದಿರಲಿ, ಬಿಸಿಗಾಳಿಯ ಕೋಣೆಯಲ್ಲಿ ಸಡಿಲ ಮುಚ್ಚಳದ ಡಬ್ಬಿ ಒಣಗುತ್ತದೆ. ಒಣಗಿದ ಕಾಳು ಹೆಪ್ಪುಗಟ್ಟಿದ ಕಾಳಿನಷ್ಟೇ ನಿಷ್ಪ್ರಯೋಜಕ.

ತುಂಬುವ ಕ್ರಮ: ಕೋಣೆಯಲ್ಲಿ, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡು. ಮೊದಲು ಮೂರನೇ ಒಂದು ಭಾಗ ಸುರಿದು ಕ್ಯಾನಿಸ್ಟರ್‌ನ ಪಕ್ಕಕ್ಕೆ ಅಂಗೈಯಿಂದ ಸುತ್ತಲೂ ತಟ್ಟಿ. ಕಾಳುಗಳು ಕುಸಿಯುವ ಸರಸರ ಸದ್ದು ನಿಂತ ಮೇಲೆ ಇನ್ನೊಂದು ಭಾಗ, ಮತ್ತೆ ತಟ್ಟು. ಮೇಲ್ಮೈಯನ್ನು ಒತ್ತಿ ಪುಡಿ ಮಾಡಬೇಡಿ, ಮಟ್ಟ ಮಾಡಿ. ಮುಚ್ಚಿದ ಮೇಲೆ ಅಲ್ಲಾಡಿಸಿ ಕಿವಿಗೊಟ್ಟು ಕೇಳಿ. ಒಳಗೆ ಗಿಲಕಿಯ ಸದ್ದು ಬಂದರೆ ಜಾಗ ಉಳಿದಿದೆ, ಗ್ಯಾಸ್ ಆ ಸಂದಿಯಲ್ಲೇ ಹರಿಯುತ್ತದೆ. ಮತ್ತೆ ತೆರೆದು ತುಂಬಿ. ದಿನಾಂಕ, ನಿಮಿಷಗಳನ್ನು ಕ್ಯಾನಿಸ್ಟರ್ ಮೇಲೆಯೇ ಟೇಪಿನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಚಳಿಯಲ್ಲಿ ಬಾಲ್‌ಪೆನ್ ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ.

ಹಂತ 3: ಹಿಂದಿನ ರಾತ್ರಿ, ಕೋಣೆಯಲ್ಲಿ

ಜೋಡಣೆಯೆಲ್ಲ ಬೆಚ್ಚಗಿನ, ಒಣಗಿದ ಜಾಗದಲ್ಲಿ ಆಗಬೇಕು. ದಪ್ಪ ಗವಸು ಹಾಕಿಕೊಂಡು ಮಂಜಿನ ಮೇಲೆ ಓ-ರಿಂಗ್ ಕೂರಿಸಲು ಹೊರಟರೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ಗೊತ್ತಾಗದು.

ಮಶ್ರೂಮ್ ವಾಲ್ವ್‌ಗಳಿಂದ ಆರಂಭಿಸಿ. ಮೌತ್‌ಪೀಸ್‌ನ ಎರಡು ಬದಿಗಿರುವ ಈ ತೆಳು ರಬ್ಬರ್ ಬಿಲ್ಲೆಗಳೇ ಗ್ಯಾಸ್ ಒಂದೇ ದಿಕ್ಕಿಗೆ ಸುತ್ತುವಂತೆ ನೋಡಿಕೊಳ್ಳುವುದು. ಒಂದು ಬಿಲ್ಲೆ ಅರೆತೆರೆದು ನಿಂತರೆ ಬಿಟ್ಟ ಉಸಿರು ಸ್ಕ್ರಬ್ಬರ್‌ಗೆ, ಅಂದರೆ ಸೋಡಾ ಲೈಮ್ ಇರುವ ಕ್ಯಾನಿಸ್ಟರ್‌ಗೆ, ಹೋಗದೆ ನೇರ ನಿಮಗೇ ಮರಳುತ್ತದೆ. ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ: ಅಂಚು ಸುರುಳಿಗೊಂಡಿರಬಾರದು, ಬಿರುಕಿರಬಾರದು, ಲಾಲಾರಸದ ಒಣ ಪುಡಿ ಅಂಟಿರಬಾರದು. ಹೋಸ್‌ಗಳನ್ನು ಮೌತ್‌ಪೀಸ್‌ಗೆ ಜೋಡಿಸಿ, ಇನ್ನೂ ಕ್ಯಾನಿಸ್ಟರ್‌ಗೆ ಸೇರಿಸದೆ, ಒಳಗೆಳೆಯುವ ಕಡೆಯ ಹೋಸ್ ತುದಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಏನೂ ಬರಬಾರದು, ಬಂದರೆ ಹೊರಬಿಡುವ ಕಡೆಯ ಬಿಲ್ಲೆ ಸೋರುತ್ತಿದೆ. ಆಮೇಲೆ ಹೊರಬಿಡುವ ಕಡೆಯ ಹೋಸ್ ಮುಚ್ಚಿ ಊದಿ. ಏನೂ ಹೋಗಬಾರದು; ಹೋದರೆ ತಪ್ಪು ಒಳಗೆಳೆಯುವ ಬಿಲ್ಲೆಯದು.

ಸಿಲಿಂಡರ್‌ಗೆ ರೆಗ್ಯುಲೇಟರ್ ಕೂರಿಸುವ ಮುನ್ನ ಡಿಲ್ಯುಯೆಂಟ್ ಮತ್ತು ಬೇಲ್‌ಔಟ್ ಸಿಲಿಂಡರ್‌ಗಳ ವಾಲ್ವ್ ಕ್ಷಣಕಾಲ ತೆರೆದು ಬಾಯಿಯಲ್ಲಿ ಕೂತ ನೀರಿನ ಹನಿಯನ್ನು ಹಾರಿಸಿ. ಆ ಒಂದು ಹನಿ ಫಸ್ಟ್ ಸ್ಟೇಜ್ ಒಳಗೆ ಹೋದರೆ ಮೊದಲು ಮಂಜುಗಡ್ಡೆಯಾಗುವುದು ಅದೇ. ಆಕ್ಸಿಜನ್ ಸಿಲಿಂಡರ್‌ನ ವಾಲ್ವನ್ನು ಯಾವಾಗಲೂ ಬಹಳ ನಿಧಾನ ತೆರೆಯಿರಿ. ಗಕ್ಕನೆ ತೆರೆದರೆ ಒತ್ತಡಕ್ಕೆ ಸಿಕ್ಕ ಗ್ಯಾಸ್ ಒಮ್ಮೆಗೇ ಕಾದು ಬೆಂಕಿಗೆ ದಾರಿಯಾಗಬಹುದು. ಸಿಲಿಂಡರ್ ತುಂಬಿಸುವ ಕೇಂದ್ರದವರನ್ನು ಕಂಪ್ರೆಸರ್‌ನ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಎಂದು ಕೇಳಲು ಸಂಕೋಚ ಬೇಡ. ತೇವ ತುಂಬಿದ ಗಾಳಿ ಬೇಸಿಗೆಯಲ್ಲಿ ಸಿಲಿಂಡರ್‌ಗೆ ತುಕ್ಕು ಹಿಡಿಸುತ್ತದೆ, ಚಳಿಗಾಲದಲ್ಲಿ ರೆಗ್ಯುಲೇಟರನ್ನು ಹೆಪ್ಪುಗಟ್ಟಿಸುತ್ತದೆ.

ಆಮೇಲೆ ಸೋರಿಕೆ ಹುಡುಕುವ ಧನ ಒತ್ತಡ, ಋಣ ಒತ್ತಡದ ಪರೀಕ್ಷೆಗಳು. ಇಲ್ಲಿ ಚಳಿಯ ಒಂದು ಕಣ್ಕಟ್ಟು ಇದೆ. ಕೋಣೆಯ 20 ಡಿಗ್ರಿಯಲ್ಲಿ ಊದಿ ಬಿಗಿದ ಲೂಪನ್ನು (ಉಸಿರು ಸುತ್ತುವ ಹಾದಿ) ಮೈನಸ್ 15ರ ಹೊರಾಂಗಣಕ್ಕೆ ಒಯ್ದರೆ ಒಳಗಿನ ಗ್ಯಾಸ್ ಶೇ. 12ರಷ್ಟು ಕುಗ್ಗುತ್ತದೆ. ಉಸಿರು ತುಂಬಿಕೊಳ್ಳುವ ಚೀಲವಾದ ಕೌಂಟರ್‌ಲಂಗ್ ಸೊರಗಿದ್ದು ನೋಡಿ ಸೋರಿಕೆ ಎಂದು ಹುಡುಕುತ್ತಾ ಕೂತವರನ್ನು ಕಂಡಿದ್ದೇನೆ. ಸಿಲಿಂಡರ್‌ಗೂ ಇದೇ ಲೆಕ್ಕ: 20 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 4 ಡಿಗ್ರಿಯಲ್ಲಿ ಸುಮಾರು 189, ಮೈನಸ್ 15ರಲ್ಲಿ 176. ಗ್ಯಾಸ್ ಎಲ್ಲಿಗೂ ಹೋಗಿಲ್ಲ. ಆದರೆ ನಿಮ್ಮ ಬೇಲ್‌ಔಟ್ ಲೆಕ್ಕವನ್ನು ತಣ್ಣಗಿನ ಅಂಕಿಯ ಮೇಲೆಯೇ ಮಾಡಿ. ಇದರ ತಿರುವುಮುರುವೂ ನಿಜ: ಬೆಚ್ಚಗಿದ್ದಾಗ ಮುಚ್ಚಿಕೊಂಡ ಓ-ರಿಂಗ್ ಚಳಿಗೆ ಬಿಗಿದು ಸೋರಬಹುದು. ಆದ್ದರಿಂದ ಪರೀಕ್ಷೆ ಎರಡು ಸಲ: ರಾತ್ರಿ ಕೋಣೆಯಲ್ಲಿ, ಬೆಳಿಗ್ಗೆ ಯಂತ್ರ ಹೊರಗಿನ ಚಳಿಗೆ ಹೊಂದಿಕೊಂಡ ಮೇಲೆ ದಡದಲ್ಲಿ. ಎರಡರಲ್ಲಿ ಒಂದು ಸಾಕು ಎಂದಾದರೆ ದಡದ್ದನ್ನೇ ಉಳಿಸಿಕೊಳ್ಳಿ.

ಬ್ಯಾಟರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ಕಲೈನ್ ಚಳಿಯಲ್ಲಿ ಬೇಗ ಸೋಲುತ್ತದೆ; ನಿಮ್ಮ ಯಂತ್ರ ಒಪ್ಪುವುದಾದರೆ ಲಿಥಿಯಂ ಹಾಕಿ. ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಬಾರದು, ಮೊದಲು ಕೋಣೆಯ ಉಷ್ಣತೆಗೆ ಬರಲಿ. ಅಂಕಿಗಳನ್ನು ತೋರಿಸುವ ಹ್ಯಾಂಡ್‌ಸೆಟ್‌ನ ಗುಂಡಿಗಳನ್ನು ನೀವು ಹಾಕುವ ಗವಸಿನಲ್ಲೇ ಒತ್ತಿ ನೋಡಿ.

ಹಂತ 4: ದಡದಲ್ಲಿ

ಜೋಡಿಸಿದ ಯಂತ್ರವನ್ನು ಕಾರಿನ ಒಳಗೆ, ಜನ ಕೂರುವ ಕಡೆಗೆ ಒಯ್ಯಿರಿ. ದಡದಲ್ಲಿ ಬಿಸಿ ಗುಡಾರವೋ ಗುಡಿಸಲೋ ಇದ್ದರೆ ನೀರಿಗಿಳಿಯುವ ಕೊನೆಯ ಗಳಿಗೆಯವರೆಗೂ ಯಂತ್ರ ಅಲ್ಲಿರಲಿ. ಇಲ್ಲದಿದ್ದರೆ ದಪ್ಪ ಕಂಬಳಿ ಅಥವಾ ಬಿಸಿನೀರಿನ ಬಾಟಲಿ ಇಟ್ಟ ದೊಡ್ಡ ಥರ್ಮೊಕೋಲ್ ಪೆಟ್ಟಿಗೆ. ದಡದ ಒತ್ತಡ ಪರೀಕ್ಷೆಗೆ ಮಾತ್ರ ಹೊರಗೆ ತೆಗೆದು ಸ್ವಲ್ಪ ಹೊತ್ತು ಚಳಿ ಕುಡಿಯಲು ಬಿಡಿ. ಆಗ ಲೂಪ್ ಇನ್ನೂ ಒಣಗಿರುತ್ತದೆ, ಹೆಪ್ಪುಗಟ್ಟಲು ಅಲ್ಲಿ ನೀರಿಲ್ಲ. ಲೂಪಿಗೆ ಉಸಿರಿನ ತೇವ ಸೇರಿದ ಮೇಲೆ ಹಾಗೆ ಬಿಡುವಂತಿಲ್ಲ.

ಸೆಲ್‌ಗಳ ಕ್ಯಾಲಿಬ್ರೇಶನ್ ಮಾಡುವಾಗ ಅವು ಸುತ್ತಲಿನ ಉಷ್ಣತೆಗೆ ಹೊಂದಿಕೊಂಡಿರಬೇಕು. ಸೆಲ್ ಒಳಗೆ ಉಷ್ಣತೆ ಸರಿದೂಗಿಸುವ ವಿದ್ಯುತ್ ಮಂಡಲ ಇದೆ ನಿಜ, ಆದರೆ ಪೊರೆಯೂ ಮಂಡಲವೂ ಒಂದೇ ಹೊತ್ತಿಗೆ ತಣ್ಣಗಾಗುವುದಿಲ್ಲ. ಈಗಷ್ಟೇ ಚಳಿಗೆ ತೆಗೆದ ಸೆಲ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ಆ ತಪ್ಪು ಇಡೀ ಡೈವ್ ನಿಮ್ಮ ಜೊತೆ ಬರುತ್ತದೆ. ಗುಡಾರದಲ್ಲಿ, ಅಂಕಿಗಳು ಅಲುಗಾಡದೆ ನಿಂತ ಮೇಲೆ ಮಾಡಿ.

ಇನ್ನು ಪ್ರೀಬ್ರೀದ್, ಅಂದರೆ ನೀರಿಗಿಳಿಯುವ ಮುನ್ನ ಯಂತ್ರದಲ್ಲಿ ಉಸಿರಾಡಿ ನೋಡುವುದು. ಗುಡಾರದೊಳಗೆ ಕೂತು, ಮೂಗು ಮುಚ್ಚಿ, 5 ನಿಮಿಷ ಲೂಪಿನಲ್ಲಿ ಉಸಿರಾಡುತ್ತಾ ಕಣ್ಣನ್ನು ಹ್ಯಾಂಡ್‌ಸೆಟ್‌ನಿಂದ ತೆಗೆಯಬೇಡಿ. ಆಕ್ಸಿಜನ್ ಬಿಡುವ ವಿದ್ಯುತ್ ವಾಲ್ವ್ ಆದ ಸೊಲೆನಾಯ್ಡ್ ಟಿಕ್ ಎನ್ನುತ್ತಿದೆಯೇ, ಆಕ್ಸಿಜನ್ ಮಟ್ಟ ಮೊದಲೇ ಗೊತ್ತುಮಾಡಿದ ಸೆಟ್‌ಪಾಯಿಂಟ್‌ನಲ್ಲಿ ನಿಲ್ಲುತ್ತಿದೆಯೇ, ಮೂರೂ ಸೆಲ್ ಜೊತೆಜೊತೆಗೆ ಚಲಿಸುತ್ತಿವೆಯೇ ನೋಡಿ. ಚಳಿಯಲ್ಲಿ ಇದರ ಇನ್ನೊಂದು ಲಾಭ ಸೋಡಾ ಲೈಮ್ ಬಿಸಿಯಾಗುವುದು. ಉಷ್ಣತೆ ತೋರಿಸುವ ಸ್ಕ್ರಬ್ಬರ್ ಸೂಚಕ ಇರುವ ಯಂತ್ರಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಆದರೆ ಒಂದು ಎಚ್ಚರಿಕೆ. ಸ್ಕ್ರಬ್ಬರ್ ಕೆಟ್ಟಿದ್ದರೆ 5 ನಿಮಿಷದಲ್ಲಿ ತಲೆನೋವೋ ಏದುಸಿರೋ ಬಂದು ಗೊತ್ತಾಗುತ್ತದೆ ಎಂಬ ನಂಬಿಕೆ ಪ್ರಯೋಗಗಳಲ್ಲಿ ನಿಂತಿಲ್ಲ. ಬಹಳಷ್ಟು ಜನ ಏನೂ ಅನ್ನಿಸದೆ ಕೂತಿದ್ದರು. ಪ್ರೀಬ್ರೀದ್ ಆಕ್ಸಿಜನ್ ವ್ಯವಸ್ಥೆಯ ಪರೀಕ್ಷೆ. ಸೋಡಾ ಲೈಮ್‌ನ ಪರೀಕ್ಷೆ ನೀವು ತುಂಬುವಾಗಲೇ ಮುಗಿದಿದೆ.

ಪ್ರೀಬ್ರೀದ್ ಆದ ಮೇಲೆ ಕಾಲಹರಣ ಬೇಡ. ಲೂಪಿನಲ್ಲಿ ಈಗ ನಿಮ್ಮ ಉಸಿರಿನ ತೇವ ತುಂಬಿದೆ. ಫೋಟೊ ತೆಗೆಸಿಕೊಳ್ಳುತ್ತಾ ಮೈನಸ್ 15ರಲ್ಲಿ ನಿಂತರೆ ಮಶ್ರೂಮ್ ವಾಲ್ವ್‌ನ ಅಂಚಿಗೆ ಆ ತೇವ ಹರಳುಗಟ್ಟುತ್ತದೆ. ಗುಡಾರದಿಂದ ನೇರ ನೀರಿಗೆ.

ಹಂತ 5: ನೀರಿನೊಳಗಿನ ತಪಾಸಣೆ

6 ಮೀಟರ್‌ನಲ್ಲಿ ನಿಲ್ಲಿ. ಸೋರಿಕೆಯ ಗುಳ್ಳೆ ಹುಡುಕುವ ಪರೀಕ್ಷೆ ಎಲ್ಲರೂ ಮಾಡುತ್ತಾರೆ. ತರಬೇತಿಯಲ್ಲಿ ಕಲಿತಿದ್ದರೆ ಆಕ್ಸಿಜನ್ ಫ್ಲಶ್ (ಲೂಪನ್ನು ಆಕ್ಸಿಜನ್‌ನಿಂದಲೇ ತುಂಬುವುದು) ಕೂಡ ಮಾಡಿ: ಆ ಆಳದಲ್ಲಿ ಶುದ್ಧ ಆಕ್ಸಿಜನ್ ಎಂದರೆ 1.6 ಬಾರ್, ಅದರ ಹತ್ತಿರಕ್ಕೂ ಏರಲಾರದ ಸೆಲ್ ಇದ್ದರೆ ಡೈವ್ ಅಲ್ಲಿಗೇ ಮುಗಿಯಿತು.

ಕೆಳಗೆ ಹೋದ ಮೇಲೆ ಚಳಿಯ ಇನ್ನೊಂದು ಆಟ. ಬಿಸಿ, ತೇವದ ಉಸಿರು ತಣ್ಣಗಿನ ಸೆಲ್ ಮುಖಕ್ಕೆ ತಾಗಿ ಹನಿಗಟ್ಟುತ್ತದೆ. ಪೊರೆಯ ಮೇಲೆ ಹನಿ ಕೂತರೆ ಆ ಸೆಲ್ ಹಳೆಯ ಅಂಕಿಯಲ್ಲೇ ಅಂಟಿಕೊಳ್ಳುತ್ತದೆ ಅಥವಾ ತಡವಾಗಿ ಸ್ಪಂದಿಸುತ್ತದೆ. ಮೂರರಲ್ಲಿ ಬಹುಮತ ನೋಡುವ ಯಂತ್ರಗಳಲ್ಲಿ ಎರಡು ಒದ್ದೆ ಸೆಲ್‌ಗಳು ಸೇರಿಕೊಂಡು, ಸತ್ಯ ಹೇಳುತ್ತಿರುವ ಒಂದೇ ಒಣ ಸೆಲ್ ಅನ್ನು ಸುಳ್ಳುಗಾರನೆಂದು ತಳ್ಳಿಹಾಕಬಲ್ಲವು. ಆದ್ದರಿಂದ ಅಂಕಿ ಎಷ್ಟು ಎಂಬುದಕ್ಕಿಂತ ಅಂಕಿ ಅಲುಗುತ್ತಿದೆಯೇ ಎಂಬುದನ್ನು ಗಮನಿಸಿ. ಬದುಕಿರುವ ಸೆಲ್ ಪ್ರತಿ ಉಸಿರಿಗೂ, ಪ್ರತಿ ಸೊಲೆನಾಯ್ಡ್ ಹೊಡೆತಕ್ಕೂ ಕೊನೆಯ ಅಂಕೆಯಲ್ಲಿ ಕುಣಿಯುತ್ತದೆ. ಕಲ್ಲಿನಂತೆ ನಿಂತ ಸೆಲ್ ಅನುಮಾನಾಸ್ಪದ. ಅನುಮಾನ ಬಂದರೆ ಡಿಲ್ಯುಯೆಂಟ್ ಫ್ಲಶ್ ಮಾಡಿ. ಡಿಲ್ಯುಯೆಂಟ್ ಗಾಳಿಯಾಗಿದ್ದರೆ 20 ಮೀಟರ್‌ನಲ್ಲಿ 0.63 ಬಾರ್, 30 ಮೀಟರ್‌ನಲ್ಲಿ 0.84 ಬಾರ್ ಬರಬೇಕು. ಯಾವ ಸೆಲ್ ಅಲ್ಲಿಗೆ ಬರುತ್ತದೋ ಅದೇ ನಂಬಿಕಸ್ಥ.

ಬೇಲ್‌ಔಟ್ ರೆಗ್ಯುಲೇಟರ್ ಬಗ್ಗೆ ಒಂದು ಅಹಿತಕರ ಸತ್ಯ. ಲೂಪಿಗೆ ಗ್ಯಾಸ್ ಕೊಡುವ ಫಸ್ಟ್ ಸ್ಟೇಜ್‌ಗಳ ಮೂಲಕ ಹರಿಯುವುದು ಬಹಳ ಕಡಿಮೆ, ಹಾಗಾಗಿ ಅವು ಹೆಪ್ಪುಗಟ್ಟುವುದು ಅಪರೂಪ. ಬೇಲ್‌ಔಟ್ ಮಾತ್ರ ಡೈವ್ ಪೂರ್ತಿ ಸುಮ್ಮನೆ ತಣ್ಣಗಾಗುತ್ತಾ ಇದ್ದು, ಬೇಕಾದಾಗ ಒಮ್ಮೆಗೇ ಪೂರ್ಣ ಹೊರೆ ಹೊರಬೇಕು: ಅತಿ ಆಳದಲ್ಲಿ, ಇಂಗಾಲದ ಡೈಆಕ್ಸೈಡ್‌ನಿಂದ ಏದುಸಿರು ಬಿಡುತ್ತಿರುವ ಮನುಷ್ಯನಿಗೆ. ಗ್ಯಾಸ್ ಹಿಗ್ಗುವಾಗ ತಾನೇ ತಣ್ಣಗಾಗುತ್ತದೆ. 4 ಡಿಗ್ರಿ ನೀರಿನಲ್ಲಿ ಆ ತಂಪು ಸೊನ್ನೆಯನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಅದನ್ನು ದಡದಲ್ಲಿ ಬಾಯಿಗಿಟ್ಟು ಪರೀಕ್ಷಿಸಬೇಡಿ, ಗ್ಯಾಸ್ ಹೊರಬಿಡುವ ಪರ್ಜ್ ಗುಂಡಿ ಒತ್ತಬೇಡಿ. ನಿಮ್ಮ ಉಸಿರಿನ ತೇವ ಬಾಯಿಗಿಡುವ ಭಾಗವಾದ ಸೆಕೆಂಡ್ ಸ್ಟೇಜ್ ಒಳಗೆ ಹೆಪ್ಪುಗಟ್ಟಿ ಅದು ನೀರಿಗಿಳಿದೊಡನೆ ಸುರಿಯತೊಡಗುತ್ತದೆ. ತಲೆ ನೀರಿನೊಳಗೆ ಹೋದ ಮೇಲೆಯೇ ಎರಡು ಮೂರು ಉಸಿರು ತೆಗೆದು ನೋಡಿ. ಮೈ ಒದ್ದೆಯಾಗದಂತೆ ತೊಡುವ ಡ್ರೈಸೂಟ್‌ಗೂ ಅದೇ ಫಸ್ಟ್ ಸ್ಟೇಜ್‌ನಿಂದ ಗ್ಯಾಸ್ ಕೊಡಬೇಡಿ, ಸೂಟ್‌ಗೆ ಗಾಳಿ ತುಂಬುವುದು ಚಿಕ್ಕ ಚಿಕ್ಕ ಒತ್ತುಗಳಲ್ಲಿ ಇರಲಿ. ಸೆಕೆಂಡ್ ಸ್ಟೇಜ್ ಮುಂದೆ ಮುಚ್ಚುವ ಕವಾಟ ಅಳವಡಿಸುವವರೂ ಇದ್ದಾರೆ. ಸುರಿಯತೊಡಗಿದಾಗ ನಿಲ್ಲಿಸಲು ಒಳ್ಳೆಯದೇ. ಆದರೆ ಅದು ಮುಚ್ಚಿದೆಯೋ ತೆರೆದಿದೆಯೋ ಎಂಬುದು ಚಳಿಗೆ ಮರಗಟ್ಟಿದ ಬೆರಳಿಗೂ ತಿಳಿಯುವಂತಿರಬೇಕು, ಫಸ್ಟ್ ಸ್ಟೇಜ್‌ಗೆ ಅತಿಒತ್ತಡ ಹೊರಬಿಡುವ ವಾಲ್ವ್ ಇರಲೇಬೇಕು.

ಉಪ್ಪುನೀರಿನಲ್ಲಿ ಒಂದು ಹೆಚ್ಚಿನ ತೊಡಕು. ಸಮುದ್ರದ ನೀರು ಸುಮಾರು ಮೈನಸ್ 1.9 ಡಿಗ್ರಿಯವರೆಗೂ ದ್ರವವಾಗಿರುತ್ತದೆ, ನಿಮ್ಮ ಉಸಿರಿನಿಂದ ಹನಿಗಟ್ಟಿದ ನೀರು ಸಿಹಿನೀರು, ಸೊನ್ನೆಗೇ ಹೆಪ್ಪುಗಟ್ಟುತ್ತದೆ. ಧ್ರುವ ಪ್ರದೇಶದ ಮಂಜಿನ ಕೆಳಗೆ ಸುತ್ತಲೂ ನೀರು ಹರಿಯುತ್ತಿರುವಾಗಲೇ ಹೋಸ್ ಒಳಗೆ ಮಂಜುಗಡ್ಡೆ ಕಟ್ಟಬಹುದು. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಂಥ ಜಾಗದಲ್ಲಿ, 1919ರಲ್ಲಿ ಮುಳುಗಿಸಿದ ಜರ್ಮನ್ ಹಡಗುಗಳ ಸುತ್ತ, ನೀರು ಅಷ್ಟು ಕೆಟ್ಟದಲ್ಲ. ಅಲ್ಲಿ ಕಾಡುವುದು ದೋಣಿಯ ಮೇಲಿನ ಗಾಳಿ.

ಹಂತ 6: ಎರಡು ಡೈವ್‌ಗಳ ನಡುವೆ

ಮೇಲೆ ಬಂದೊಡನೆ ಮೌತ್‌ಪೀಸ್ ಮುಚ್ಚಿ, ಯಂತ್ರವನ್ನು ಮೊದಲು ಗುಡಾರದೊಳಗೆ ಸೇರಿಸಿ, ನಿಮ್ಮ ಚಹಾ ಆಮೇಲೆ. ಹೊರಬಿಡುವ ಕಡೆಯ ಹೋಸ್ ಮತ್ತು ಕೌಂಟರ್‌ಲಂಗ್‌ನಲ್ಲಿ ನೀರು ಕೂತಿರುತ್ತದೆ. ಅದನ್ನು ಸ್ಕ್ರಬ್ಬರ್ ಕಡೆಗೆ ವಾಲದಂತೆ ಹಿಡಿದು ಹೊರಚೆಲ್ಲಿ. ಸೋಡಾ ಲೈಮ್ ಕರಗಿದ ನೀರು ಬಾಯಿಗೆ ಬಂದರೆ ಸುಡುತ್ತದೆ. ವಾಲ್ವ್ ಅಥವಾ ಬಕಲ್ ಹೆಪ್ಪುಗಟ್ಟಿದ್ದರೆ ಬಿಸಿನೀರು ಸುರಿಯುವ ಆಸೆ ಬರುತ್ತದೆ. ಗುಡಾರದೊಳಗಾದರೆ ಸರಿ, ಬಯಲಿನಲ್ಲಿ ಬೇಡ: ಸುರಿದ ನೀರು ಇನ್ನಷ್ಟು ಒಳಗಿನ ಸಂದಿಗೆ ಹೋಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೇ ಡೈವ್‌ಗೆ ಮುಂಚೆ ಮಶ್ರೂಮ್ ವಾಲ್ವ್ ಪರೀಕ್ಷೆ ಮತ್ತು ಪ್ರೀಬ್ರೀದ್ ಎರಡನ್ನೂ ಮೊದಲಿನಿಂದ ಮಾಡಿ. ಸ್ಕ್ರಬ್ಬರ್ ತಣ್ಣಗಾಗಿದೆ, ಅದನ್ನು ಮತ್ತೆ ಎಬ್ಬಿಸಬೇಕು.

ಹಂತ 7: ದಿನದ ಕೊನೆಗೆ

ಚಳಿಯಲ್ಲಿ ತಾನಾಗಿ ಒಣಗುವುದು ಎಂಬುದಿಲ್ಲ. ಹೊರಗೆ ತೂಗುಹಾಕಿದ ಹೋಸ್ ಒಣಗುವುದಿಲ್ಲ, ಗಟ್ಟಿಯಾಗುತ್ತದೆ. ಯಂತ್ರವನ್ನು ಕೋಣೆಗೆ ತಂದು, ಮೊದಲು ಸೋಡಾ ಲೈಮ್ ತೆಗೆದು, ಸೆಲ್‌ಗಳನ್ನು ಅಥವಾ ಅವು ಕೂತ ತಲೆಭಾಗವನ್ನು ಬೇರ್ಪಡಿಸಿ. ಹೋಸ್, ಕೌಂಟರ್‌ಲಂಗ್, ಮೌತ್‌ಪೀಸ್‌ಗಳನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ತೊಳೆದು, ತಯಾರಕರು ಒಪ್ಪಿದ ಸೋಂಕುನಿವಾರಕವನ್ನು ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದ ಅವಧಿಗೆ ಮಾತ್ರ ಹಾಕಿ. ಗಾಢವಾಗಿ ಕಲಸಿದರೆ ಹೆಚ್ಚು ಶುದ್ಧವಾಗುವುದಿಲ್ಲ, ರಬ್ಬರ್ ಹಾಳಾಗುತ್ತದೆ. ಬಳಿಕ ಚೆನ್ನಾಗಿ ಜಾಲಿಸಿ, ತಲೆಕೆಳಗಾಗಿ ತೂಗುಹಾಕಿ ಫ್ಯಾನ್ ಗಾಳಿ ಬಿಡಿ. ರೇಡಿಯೇಟರ್ ಮೇಲೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಸೆಲ್‌ಗಳ ಮುಖವನ್ನು ಒರೆಸಬೇಡಿ. ಪೊರೆ ಗೀರಿದರೆ ಸೆಲ್ ಮುಗಿಯಿತು. ಕೆಳಮುಖವಾಗಿ, ತೆರೆದ ಗಾಳಿಯಲ್ಲಿ ಇಟ್ಟರೆ ರಾತ್ರಿಯೊಳಗೆ ಒಣಗುತ್ತವೆ.

ರೆಗ್ಯುಲೇಟರ್ ಬಿಚ್ಚುವ ಮುನ್ನ ಬಾಯಿಮುಚ್ಚಳವನ್ನು ಬಟ್ಟೆಯಿಂದ ಒರೆಸಿ. ಸಿಲಿಂಡರ್‌ನ ಗಾಳಿ ಬಿಟ್ಟು ಮುಚ್ಚಳ ಒಣಗಿಸುವ ಅಭ್ಯಾಸ ಬೇಡ, ಗಾಳಿಯ ರಭಸಕ್ಕೆ ಹನಿ ಒಳಗೇ ಹಾರುತ್ತದೆ.

ಹಂತ 8: ಚಳಿಗಾಲ ಮುಗಿದ ಮೇಲೆ

ಸೆಲ್‌ಗಳನ್ನು ತೆಗೆದು, ಗಾಳಿಯಾಡುವ ಕೋಣೆಯಲ್ಲಿ ಇಡಿ. ಫ್ರೀಜರ್ ಬೇಡ, ಆಕ್ಸಿಜನ್ ತುಂಬಿದ ಲೂಪಿನೊಳಗೂ ಬೇಡ, ಅಲ್ಲಿ ಸೀಸ ಬೇಗ ಸವೆಯುತ್ತದೆ. ಹೋಸ್‌ಗಳನ್ನು ಮಡಿಸದೆ ತೂಗುಹಾಕಿ. ಬ್ಯಾಟರಿಗಳನ್ನು ಯಂತ್ರದೊಳಗೆ ಬಿಡಬೇಡಿ. ಕ್ಯಾನಿಸ್ಟರ್‌ನ ದೊಡ್ಡ ಓ-ರಿಂಗ್‌ಗಳನ್ನು ತೋಡಿನಿಂದ ಬಿಡಿಸಿ, ತೋಡಿನ ಮೂಲೆಯಲ್ಲಿ ಉಳಿದ ಸೋಡಾ ಲೈಮ್‌ನ ಬಿಳಿ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಮುಂದಿನ ಚಳಿಗಾಲದ ಮೊದಲ ಸೋರಿಕೆ ಸಾಮಾನ್ಯವಾಗಿ ಈ ಪುಡಿಯಿಂದಲೇ. ಬಳಸಿದ ಸೋಡಾ ಲೈಮ್ ಇನ್ನೂ ಕ್ಷಾರವಾಗಿಯೇ ಇರುತ್ತದೆ; ಅದನ್ನು ಕೆರೆಯ ದಡದಲ್ಲಿ ಸುರಿಯದೆ, ಮುಚ್ಚಿದ ಚೀಲದಲ್ಲಿ ಕಟ್ಟಿ, ಊರಿನ ತ್ಯಾಜ್ಯ ನಿಯಮದ ಪ್ರಕಾರ ಕೊಡಿ. ಪುಸ್ತಕದಲ್ಲಿ ಬರೆದಿಟ್ಟ ಮಿಲಿವೋಲ್ಟ್‌ಗಳನ್ನು ಒಮ್ಮೆ ಮೇಲಿಂದ ಕೆಳಗೆ ಓದಿ, ಇಳಿಮುಖವಾಗಿರುವ ಸೆಲ್‌ಗೆ ಬದಲಿಯನ್ನು ಶರತ್ಕಾಲದಲ್ಲಿ ತರಿಸಿಕೊಳ್ಳಿ, ಈಗಲೇ ಅಲ್ಲ. ಈಗ ತರಿಸಿದರೆ ಅದು ಪೆಟ್ಟಿಗೆಯಲ್ಲೇ ಅರ್ಧ ವರ್ಷ ಮುದಿಯಾಗುತ್ತದೆ.